ಓಬವ್ವನ ವೇಷಕ್ಕೆ ಮುಖ ಸಿದ್ಧ ಮಾಡುವುದು: ಫೋಟೊಗೆ ಒಪ್ಪುವ ಮೇಕಪ್ ಆರಿಸುವ ಬಗೆ

ಸೀರೆ ಕಚ್ಚೆ ಹಾಕಿ ಉಟ್ಟಿದ್ದು ಸರಿಯಿದೆ, ಸೆರಗು ಸೊಂಟಕ್ಕೆ ಬಿಗಿದಿದ್ದು ಸರಿಯಿದೆ, ಕೈಯಲ್ಲಿ ಒನಕೆ ಇದೆ, ಬೆನ್ನ ಹಿಂದೆ ಚಿತ್ರದುರ್ಗದ ಬಂಡೆಯೂ ಇದೆ. ಫೋಟೊ ತೆಗೆದು ನೋಡಿದರೆ ಮುಖ ಮಾತ್ರ ಬೂದಿ ಬಳಿದ ಹಾಗೆ, ಕತ್ತು ಕಿವಿ ಬೇರೆ ಯಾರದೋ ಎನ್ನುವ ಹಾಗೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನಕ್ಕೆ ಮಗಳಿಗೆ ವೇಷ ಕಟ್ಟುವ ತಾಯಂದಿರಿಗೆ, ಮದಕರಿ ನಾಯಕನ ಪೇಟ ಸುತ್ತಿ ಕೋಟೆಗೆ ಬರುವ ಹುಡುಗರಿಗೆ, ಬಸವಣ್ಣ, ಅಕ್ಕಮಹಾದೇವಿಯ ವೇಷ ಹಾಕಿಸುವ ಮೇಷ್ಟ್ರುಗಳಿಗೆ ಎದುರಾಗುವ ತೊಂದರೆ ಇದೊಂದೇ.

ಕಾರಣಗಳು ಮೂರು. ಮುಖಕ್ಕೆ ತಳಬಣ್ಣವಾಗಿ ಹಚ್ಚಿದ ಫೌಂಡೇಶನ್ ಚರ್ಮಕ್ಕಿಂತ ಎರಡು ಮೆಟ್ಟಿಲು ಬಿಳುಪಾಗಿರುತ್ತದೆ. ಅದರ ಮೇಲೆ ಬಿಳಿ ಪುಡಿ ಬಿದ್ದಿರುತ್ತದೆ. ಕೊನೆಗೆ ಮೊಬೈಲಿನ ಫ್ಲ್ಯಾಶ್ ಹೊಡೆದಿರುತ್ತದೆ. ಮೂರೂ ಕೂಡಿದರೆ ಎಂಥ ಮುಖಲಕ್ಷಣವಾದರೂ ಸುಣ್ಣದ ಗೋಡೆಯೇ.

ಕ್ಯಾಮೆರಾ ಕೇಳುವುದು ಎರಡು ವಿಷಯ. ಮುಖ, ಕತ್ತು, ಕಿವಿ ಒಂದೇ ಬಣ್ಣದಲ್ಲಿರಬೇಕು. ಚರ್ಮದ ಮೇಲೆ ಏನೋ ಕೂತಿದೆ ಎಂದು ಕಾಣಬಾರದು. ಬೆಳ್ಳಗಾಗುವುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಓಬವ್ವ ಹದಿನೆಂಟನೆಯ ಶತಮಾನದ ಕೋಟೆ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ಬಿಸಿಲಲ್ಲಿ ನೀರು ಹೊತ್ತ ಹೆಣ್ಣುಮಗಳು. ಆಕೆಗೆ ಹಾಲುಬಿಳುಪಿನ ಮುಖ ಬಳಿಯುವುದು ಪಾತ್ರಕ್ಕೆ ಮಾಡುವ ಅನ್ಯಾಯ. ಹಾಗೆಂದು ಮಗುವಿನ ಮುಖಕ್ಕೆ ಕಪ್ಪು ಬಳಿಯುವುದೂ ಬೇಡ. ಇರುವ ಬಣ್ಣವನ್ನು ಒಂದೇ ಸಮ ಮಾಡಿದರೆ ಸಾಕು.

ಬಣ್ಣ ಹೊಂದಿಸುವುದು

ಫ್ಯಾನ್ಸಿ ಸ್ಟೋರಿನ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿದ ಫೌಂಡೇಶನ್ ಬಿಸಿಲಿಗೆ ಬಂದರೆ ಒಪ್ಪುವುದಿಲ್ಲ. ಹಗಲು ಹೊತ್ತಿನಲ್ಲಿ, ಮುಖಕ್ಕೆ ಏನೂ ಹಚ್ಚದೆ ಅಂಗಡಿಗೆ ಹೋಗಿ. ನಿಮ್ಮ ಬಣ್ಣಕ್ಕೆ ಹತ್ತಿರ ಎನಿಸುವ ಮೂರು ಶೇಡು ತೆಗೆಸಿ. ಮಣಿಕಟ್ಟಿನ ಮೇಲೆ ಹಚ್ಚಿ ನೋಡಿದರೆ ಏನೂ ತಿಳಿಯದು, ಅಲ್ಲಿನ ಚರ್ಮ ಮುಖದ ಚರ್ಮಕ್ಕಿಂತ ಬಿಳುಪು. ದವಡೆಯ ಅಂಚಿನಿಂದ ಕತ್ತಿನ ಕಡೆಗೆ ಒಂದೊಂದು ಇಂಚಿನ ಮೂರು ಗೆರೆ ಎಳೆಯಿರಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಅಂಗಡಿಯಿಂದ ಹೊರಗೆ ಬನ್ನಿ. ನೆರಳಿನಲ್ಲಿ ನಿಂತು ಕನ್ನಡಿ ನೋಡಿ. ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಕೆಲವು ಫೌಂಡೇಶನ್‌ಗಳು ಗಾಳಿ, ಚರ್ಮದ ಎಣ್ಣೆ ತಾಗಿ ಅರ್ಧ ಮೆಟ್ಟಿಲು ಕಪ್ಪಾಗುತ್ತವೆ, ಹಚ್ಚಿದ ಕೂಡಲೇ ನೋಡಿ ಕೊಂಡವರಿಗೆ ಮನೆಯಲ್ಲಿ ಅಚ್ಚರಿ ಕಾದಿರುತ್ತದೆ. ಯಾವ ಗೆರೆ ಹುಡುಕಿದರೂ ಕಾಣುವುದಿಲ್ಲವೋ ಅದು ನಿಮ್ಮದು.

ಗೆರೆ ಕಾಣದಿದ್ದರೂ ಆ ಜಾಗ ಬೂದುಬೂದಾಗಿ ಕಂಡರೆ ಛಾಯೆ ತಪ್ಪಿದೆ ಎಂದರ್ಥ. ನಮ್ಮ ಕಡೆಯ ಬಹಳಷ್ಟು ಜನರ ಚರ್ಮದ ಅಡಿಯಲ್ಲಿ ಹಳದಿ ಇಲ್ಲವೇ ಹೊಂಬಣ್ಣದ ಛಾಯೆ ಇರುತ್ತದೆ. ಗುಲಾಬಿ ಛಾಯೆಯ ಫೌಂಡೇಶನ್ ಅದರ ಮೇಲೆ ಕೂತರೆ ಬೂದಿಯಾಗುತ್ತದೆ. ಆಗ ಅದೇ ಗಾಢತೆಯಲ್ಲಿ ಹಳದಿ ಛಾಯೆಯದನ್ನು ಕೇಳಿ, ಇನ್ನೂ ಬಿಳುಪಿನದಕ್ಕೆ ಹೋಗಬೇಡಿ.

ಬಿಸಿಲಲ್ಲಿ ಓಡಾಡುವವರ ಹಣೆ, ಕೆನ್ನೆ ಕತ್ತಿಗಿಂತ ಕಪ್ಪಾಗಿರುತ್ತದೆ. ಅಂಥವರು ಎರಡರ ನಡುವಿನ ಬಣ್ಣ ಹುಡುಕಬೇಕು. ಸಿಗದಿದ್ದರೆ ಎರಡು ಶೇಡು ಕೊಂಡು ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಕಲೆಸಿಕೊಳ್ಳುವುದು ಒಳ್ಳೆಯದು: ಗಾಢವಾದದ್ದು ಎರಡು ಪಾಲು, ತಿಳಿಯಾದದ್ದು ಒಂದು ಪಾಲಿನಿಂದ ಶುರುಮಾಡಿ. ಅಂಗೈ ಮೇಲೆ ಕಲೆಸಿದರೆ ಅಂಗೈ ಬಿಸಿಗೆ ಬೇಗ ಒಣಗಿ ಗಂಟುಕಟ್ಟುತ್ತದೆ.

ಯಾವ ನಮೂನೆಯದು ಕೊಳ್ಳಬೇಕು

ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ಮುಖಕ್ಕೆ ಬಣ್ಣ ಎಂದರೆ ಇವತ್ತಿಗೂ ಹಲವರ ತಲೆಗೆ ಮೊದಲು ಬರುವುದು ಪ್ಯಾನ್‌ಕೇಕು, ಒದ್ದೆ ಸ್ಪಂಜಿನಿಂದ ಹಚ್ಚುವ ಗಟ್ಟಿ ಬಣ್ಣದ ಬಿಲ್ಲೆ. ರಂಗಕ್ಕೆ ಅದು ತಕ್ಕ ವಸ್ತು. ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ಕೂತವರಿಗೂ ಮುಖ ತಿಳಿಯಬೇಕು, ಮೇಲಿಂದ ಬೀಳುವ ಲೈಟು ಬಣ್ಣವನ್ನು ನುಂಗುತ್ತದೆ, ಹಾಗಾಗಿ ದಪ್ಪ ಬಣ್ಣ ಬೇಕು. ಕ್ಯಾಮೆರಾ ನಿಲ್ಲುವುದು ಮೂರ್ನಾಲ್ಕು ಅಡಿ ದೂರದಲ್ಲಿ. ಅದೇ ದಪ್ಪ ಅಲ್ಲಿ ಒಡೆದ ಕೆರೆಯಂಗಳದಂತೆ ಕಾಣುತ್ತದೆ. ಪ್ಯಾನ್‌ಕೇಕೇ ಕೈಯಲ್ಲಿದ್ದರೆ ಸ್ಪಂಜನ್ನು ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒಂದೇ ಒಂದು ತೆಳು ಪದರ ಎಳೆಯಿರಿ. ಅದರ ಮೇಲೆ ಪುಡಿ ಬೇಡ.

ಹೊಸದಾಗಿ ಕೊಳ್ಳುವವರು ಮಧ್ಯಮ ಮುಚ್ಚಿಗೆಯ (ಮೀಡಿಯಂ ಕವರೇಜ್) ದ್ರವ ಫೌಂಡೇಶನ್ ತೆಗೆದುಕೊಳ್ಳಿ. ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ್ದು, ಒಣಚರ್ಮದವರಿಗೆ ಆಗದು. ಮಿನುಗುವಂಥದ್ದು ಕೋಟೆಗೆ ಆಗದು: ಚಿತ್ರದುರ್ಗದ ಗಾಳಿ ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿ, ಅಂಟಂಟಾದ ಮುಖದ ಮೇಲೆ ಧೂಳು, ಕೂದಲು ಎರಡೂ ಬಂದು ಕೂರುತ್ತವೆ. ‘ನ್ಯಾಚುರಲ್ ಫಿನಿಶ್’ ಎಂದು ಬರೆದಿರುವುದೇ ನಡುದಾರಿ. ಫೌಂಡೇಶನ್‌ಗೆ ಮೊದಲು ಅಡಿಪದರವಾಗಿ ಪ್ರೈಮರ್ ಹಚ್ಚುವುದಾದರೆ ಅದೂ ಫೌಂಡೇಶನ್ನೂ ಒಂದೇ ಜಾತಿಯದಾಗಿರಲಿ. ಸಿಲಿಕೋನ್ ಪ್ರೈಮರಿನ ಮೇಲೆ ನೀರಿನ ಫೌಂಡೇಶನ್ ಹಚ್ಚಿದರೆ ಉಜ್ಜಿದ ರಬ್ಬರಿನ ಹಾಗೆ ಸುರುಳಿ ಸುರುಳಿಯಾಗಿ ಎದ್ದುಬರಬಹುದು. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯ ಮೊದಲ ಸಾಲಿನಲ್ಲಿ ‘ಡೈಮೆಥಿಕೋನ್’ ಅಥವಾ ‘ಕೋನ್’ ಎಂದು ಮುಗಿಯುವ ಹೆಸರಿದ್ದರೆ ಅದು ಸಿಲಿಕೋನ್ ಜಾತಿ.

ಇನ್ನು ಬಿಳಿ ಮುಖದ ನಿಜವಾದ ಅಪರಾಧಿ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನು ಮತ್ತು ಬಿಸಿಲು ತಡೆಯುವ ಎಸ್‌ಪಿಎಫ್ ಫೌಂಡೇಶನ್, ಸಿಲಿಕಾ ತುಂಬಿದ ಬಿಳಿ ‘ಟ್ರಾನ್ಸ್‌ಲೂಸೆಂಟ್’ ಪುಡಿ, ಇವೆಲ್ಲ ಲೆನ್ಸಿನ ಪಕ್ಕದಿಂದ ಬಂದ ಫ್ಲ್ಯಾಶ್ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಸೆಯುತ್ತವೆ. ಕನ್ನಡಿಯಲ್ಲಿ ಏನೂ ಕಾಣದು, ಫೋಟೊದಲ್ಲಿ ಕಣ್ಣಡಿ ಮೂಗು ಹಿಟ್ಟು ಮೆತ್ತಿದಂತಿರುತ್ತದೆ. ಹಗಲಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯುವವರಿಗೆ ಈ ಕಾಟ ಕಡಿಮೆ. ಕೋಟೆಯ ಬಿಸಿಲಿಗೆ ಸನ್‌ಸ್ಕ್ರೀನ್ ಬಿಡಲೇಬೇಡಿ, ಬಿಳಿ ಪೊರೆ ಉಳಿಸದ ಜೆಲ್ ಜಾತಿಯದನ್ನು ಆರಿಸಿ. ರಾತ್ರಿ ವೇದಿಕೆಯ ಕಾರ್ಯಕ್ರಮಕ್ಕೆ ಸನ್‌ಸ್ಕ್ರೀನೇ ಬೇಡ. ಪುಡಿಯೂ ಬಿಳಿಯದು ಬೇಡ, ಚರ್ಮದ ಬಣ್ಣದ ಇಲ್ಲವೇ ಹಳದಿ ಛಾಯೆಯದನ್ನು ಕೊಳ್ಳಿ.

ಪರೀಕ್ಷೆ ಸುಲಭ. ವೇಷದ ದಿನಕ್ಕೆ ನಾಲ್ಕು ದಿನ ಮುಂಚೆ ಅರ್ಧ ಮುಖಕ್ಕೆ ಎಲ್ಲವನ್ನೂ ಹಚ್ಚಿ, ಕೋಣೆಯ ದೀಪ ಆರಿಸಿ, ಒಂದು ಮೀಟರ್ ದೂರದಿಂದ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಯಿರಿ. ಹಚ್ಚಿದ ಅರ್ಧ ಹಚ್ಚದ ಅರ್ಧಕ್ಕಿಂತ ಬಿಳುಪಾಗಿ ಕಂಡರೆ ಒಂದೊಂದೇ ವಸ್ತು ಬಿಟ್ಟು ಮತ್ತೆ ತೆಗೆಯಿರಿ. ಕಳ್ಳ ಸಿಕ್ಕೇ ಸಿಗುತ್ತಾನೆ. ಅದೇ ದಿನ ಕಿವಿಯ ಹಿಂದೆ ಕಾಳಿನಷ್ಟು ಹಚ್ಚಿ 24 ಗಂಟೆ ಬಿಟ್ಟು ತುರಿಕೆ, ಕೆಂಪು ಆಗುವುದೇ ಎಂದೂ ನೋಡಿಬಿಡಿ.

ಏನೇ ಕೊಂಡರೂ ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಇರಬೇಕು. ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಉಳಿದಿರುವ ಕೆಂಪು ಇಂಗಳೀಕ, ಹಳದಿ ಅರದಾಳ ಮುಟ್ಟಬೇಡಿ. ಮೊದಲನೆಯದು ಪಾದರಸದ್ದು, ಎರಡನೆಯದು ಪಾಷಾಣದ್ದು (ಆರ್ಸೆನಿಕ್). ಶಾಲೆಯ ಪೋಸ್ಟರ್ ಕಲರ್, ಹೋಳಿ ಬಣ್ಣ, ರಂಗೋಲಿ ಪುಡಿ ಇವನ್ನು ಮಗುವಿನ ಮುಖಕ್ಕೆ ಹಚ್ಚುವುದು ನಿಲ್ಲಬೇಕು. ಕೃಷ್ಣನ ನೀಲಿ ಬೇಕಾದರೆ ಚರ್ಮಕ್ಕೆಂದೇ ಮಾಡಿದ ನೀರಿನ ಫೇಸ್ ಪೇಂಟ್ ಸಿಗುತ್ತದೆ.

ಹಿಂದಿನ ದಿನ, ಮುಂಜಾನೆ

ಹಿಂದಿನ ದಿನ ಫೇಶಿಯಲ್, ಬ್ಲೀಚ್ ಮಾಡಿಸಬೇಡಿ. ಹುಬ್ಬು ತೀಡಿಸುವುದಿದ್ದರೆ ಮೂರು ದಿನ ಮೊದಲೇ ಮುಗಿಸಿ. ಗಂಡಸರು ಹಿಂದಿನ ರಾತ್ರಿಯೇ ಗಡ್ಡ ತೆಗೆಯಲಿ. ಬೆಳಗ್ಗೆ ತೆಗೆದ ಮುಖಕ್ಕೆ ಫೌಂಡೇಶನ್ ಉರಿಯುತ್ತದೆ, ಕೂದಲ ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ನಿಲ್ಲುತ್ತದೆ.

ನವೆಂಬರಿನ ಒಣ ಗಾಳಿಗೆ ಮೂಗಿನ ಪಕ್ಕ, ತುಟಿಯ ಸುತ್ತ ಹೊಟ್ಟು ಏಳುತ್ತದೆ. ಫೌಂಡೇಶನ್ ಮೊದಲು ಹಿಡಿದುಕೊಳ್ಳುವುದು ಆ ಹೊಟ್ಟನ್ನೇ. ಎರಡು ದಿನ ಮೊದಲು ಒದ್ದೆ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ, ರಾತ್ರಿ ತುಟಿಗೆ ತುಪ್ಪವೋ ಲಿಪ್ ಬಾಮೋ ಹಚ್ಚಿ ಮಲಗಿ. ಬೆಳಗ್ಗೆ ಮುಖ ತೊಳೆದು, ಪೂರ್ತಿ ಆರುವ ಮೊದಲೇ ಕಡಲೆಕಾಳಿನಷ್ಟು ಮಾಯಿಶ್ಚರೈಸರ್. ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್: ತೋರುಬೆರಳು, ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ, ಮುಖ ಕತ್ತು ಎರಡಕ್ಕೂ ಸೇರಿ. ಮತ್ತೆ ಹದಿನೈದು ನಿಮಿಷ ಕಾಯಿರಿ. ಈ ಕಾಯುವಿಕೆಯನ್ನು ಬಿಟ್ಟವರ ಮುಖದ ಮೇಲೆ ಬಣ್ಣ ಜಾರುತ್ತದೆ. ತಿಂಡಿ ಮುಗಿಸುವುದೂ ಈ ಹೊತ್ತಿನಲ್ಲೇ. ಬಣ್ಣ ಹಚ್ಚಿದ ಮೇಲೆ ಬೆಣ್ಣೆದೋಸೆ ತಿಂದರೆ ಬೆಣ್ಣೆ ತುಟಿಯ ಬಣ್ಣವನ್ನಷ್ಟೇ ಅಲ್ಲ, ಬಾಯಿ ಸುತ್ತಲಿನ ಫೌಂಡೇಶನ್ನನ್ನೂ ಬಿಡಿಸಿಕೊಂಡು ಹೋಗುತ್ತದೆ.

ಹಚ್ಚುವುದು

ಕಣ್ಣಡಿಯ ಕಪ್ಪು, ಬಾಯಿ ಸುತ್ತಲಿನ ಕಪ್ಪಿಗೆ ನೇರವಾಗಿ ಕಲೆ ಮುಚ್ಚುವ ತಿಳಿ ಕನ್ಸೀಲರ್ ಹಚ್ಚಿದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲು ಕಪ್ಪು ತಗ್ಗಿಸುವ ಕಿತ್ತಳೆ ಛಾಯೆಯ ಕರೆಕ್ಟರ್ ಬೇಕು, ಗೋಧಿ ಬಣ್ಣದವರಿಗೆ ಪೀಚ್, ಕಡುಗಂದು ಬಣ್ಣದವರಿಗೆ ಗಾಢ ಕಿತ್ತಳೆ. ಅಳತೆ ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು. ಉಂಗುರಬೆರಳಿನಿಂದ ತಟ್ಟಿ ಕೂರಿಸಿ. ಕಿತ್ತಳೆ ಬಣ್ಣ ಎದ್ದು ಕಂಡರೆ ಹೆಚ್ಚಾಯಿತು ಎಂದೇ.

ಫೌಂಡೇಶನ್ ಇಡೀ ಮುಖಕ್ಕೆ ಎರಡು ಕಡಲೆಕಾಳಿನಷ್ಟು ಸಾಕು. ಸ್ಪಂಜನ್ನು ನೀರಲ್ಲಿ ಮುಳುಗಿಸಿ, ಉಬ್ಬಿದ ಮೇಲೆ ಹಿಂಡಿ, ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಹಿಂಡಿ. ಕೆನ್ನೆಗೆ ಒತ್ತಿದರೆ ತಂಪು ತಾಗಬೇಕು, ಹನಿ ಕೂರಬಾರದು. ಮೂಗಿನ ಪಕ್ಕದಿಂದ ಶುರುಮಾಡಿ ಹೊರಕ್ಕೆ ಹೋಗಿ. ಎಳೆಯಬೇಡಿ, ಒತ್ತಿ ಎತ್ತಿ, ಒತ್ತಿ ಎತ್ತಿ. ಎಳೆದರೆ ಗೆರೆ ಬೀಳುತ್ತದೆ, ಒತ್ತಿದರೆ ರಂಧ್ರಗಳ ಮೇಲೆ ಸಮವಾಗಿ ಕೂರುತ್ತದೆ. ದವಡೆಯ ಹತ್ತಿರ ಬರುವ ಹೊತ್ತಿಗೆ ಸ್ಪಂಜಿನಲ್ಲಿ ಹೆಚ್ಚು ಉಳಿದಿರಬಾರದು; ಆ ಉಳಿಕೆಯನ್ನೇ ಕತ್ತು, ಕಿವಿಹಾಲೆ, ಕಿವಿಯ ಹಿಂಬದಿಗೆ ಒತ್ತಿ. ಓಬವ್ವನ ತುರುಬು ಕಿವಿಯನ್ನು ಮುಚ್ಚುವುದಿಲ್ಲ ಎಂಬುದು ನೆನಪಿರಲಿ. ಒನಕೆ ಎತ್ತಿದಾಗ ಕೈ ಮುಖದ ಪಕ್ಕಕ್ಕೇ ಬರುತ್ತದೆ, ಹಾಗಾಗಿ ಕೈಗೂ ತೆಳುವಾಗಿ ಲೋಷನ್ ಹಚ್ಚಿ. ಅಂಗೈಗೆ ಮಾತ್ರ ಬೇಡ, ಒನಕೆ ಜಾರುತ್ತದೆ. ಮೊಡವೆ, ಕಲೆ ಇನ್ನೂ ಕಂಡರೆ ಅಲ್ಲಿಗೆ ಮಾತ್ರ ಸಾಸಿವೆಯಷ್ಟು ಕನ್ಸೀಲರ್. ಒಂದು ಕಲೆಗೆಂದು ಇಡೀ ಮುಖಕ್ಕೆ ಇನ್ನೊಂದು ಪದರ ಬಳಿಯಬೇಡಿ.

ಪುಡಿಗೆ ಮೊದಲು ಟಿಶ್ಯೂ ಒತ್ತಿ ಮೇಲಿನ ಎಣ್ಣೆ ತೆಗೆಯಿರಿ. ಆಮೇಲೆ ಪಫ್‌ನಲ್ಲಿ ಚಿಟಿಕೆ ಪುಡಿ ತೆಗೆದು ಮಡಚಿ ಉಜ್ಜಿ, ಹೆಚ್ಚಾದದ್ದು ಕೊಡವಿ, ಹಣೆ, ಮೂಗು, ಗಲ್ಲ ಈ ಮೂರು ಕಡೆ ಒತ್ತಿ. ಕೆನ್ನೆ ಬಿಟ್ಟುಬಿಡಿ. ಕೆನ್ನೆಯ ಮೇಲಿನ ಸ್ವಲ್ಪ ಹೊಳಪೇ ಫೋಟೊದಲ್ಲಿ ಅದು ಚರ್ಮ ಎಂದು ಹೇಳುವುದು.

ಕೆನ್ನೆಗೆ ಇಟ್ಟಿಗೆ ಕೆಂಪು, ತುಟಿಗೆ ಎಲೆಅಡಿಕೆ ಹಾಕಿದಂಥ ಕಡುಗೆಂಪು ಈ ಪಾತ್ರಕ್ಕೂ ನಮ್ಮ ಚರ್ಮಕ್ಕೂ ಒಗ್ಗುತ್ತದೆ. ತಿಳಿ ಗುಲಾಬಿ ಕಂದು ಚರ್ಮದ ಮೇಲೆ ಸೀಮೆಸುಣ್ಣ. ಲಿಪ್‌ಸ್ಟಿಕ್ ಒಮ್ಮೆ ಹಚ್ಚಿ, ಟಿಶ್ಯೂ ಕಚ್ಚಿ, ಇನ್ನೊಮ್ಮೆ ಹಚ್ಚಿ. ಹೊಳೆಯುವ ಲಿಪ್ ಗ್ಲಾಸ್ ಬೇಡ, ಗಾಳಿಗೆ ಕೂದಲು ಅಂಟುತ್ತದೆ. ಮೂಗಿಗೆ ಕೆನ್ನೆಗೆ ಕಪ್ಪು ನೆರಳು ಎಳೆಯುವ ಕಾಂಟೂರು ಹೊರಾಂಗಣದಲ್ಲಿ ಬೇಕಿಲ್ಲ, ಸೂರ್ಯನೇ ನೆರಳು ಹಾಕುತ್ತಾನೆ. ಕೊನೆಗೆ ಬಣ್ಣ ಹಿಡಿದು ನಿಲ್ಲಿಸುವ ಸೆಟ್ಟಿಂಗ್ ಸ್ಪ್ರೇ, ಒಂದು ಗೇಣು ದೂರದಿಂದ ಮೂರ್ನಾಲ್ಕು ಸಲ. ಹತ್ತಿರದಿಂದ ಹೊಡೆದರೆ ಹನಿ ಬಿದ್ದಲ್ಲೆಲ್ಲ ತೂತು.

ಕುಂಕುಮ, ವಿಭೂತಿ, ಮೀಸೆ

ಇವು ಮೂರೂ ಎಲ್ಲ ಮುಗಿದ ಮೇಲೆ. ಒಣ ಕುಂಕುಮವನ್ನು ಬರೀ ಫೌಂಡೇಶನ್ ಮೇಲೆ ಇಟ್ಟರೆ ಒನಕೆ ಬೀಸಿದ ಮೊದಲ ಏಟಿಗೇ ಮೂಗಿನ ಮೇಲೆ ಉದುರುತ್ತದೆ. ಅಜ್ಜಿಯರ ಕ್ರಮವೇ ಸರಿ: ಇಡುವ ಜಾಗದ ಬಣ್ಣವನ್ನು ಒದ್ದೆ ಬಟ್ಟೆಯ ತುದಿಯಿಂದ ದುಂಡಗೆ ಒರೆಸಿ, ಚುಕ್ಕಿಯಷ್ಟು ಮೇಣ ತಿಕ್ಕಿ, ಅದರ ಮೇಲೆ ಕುಂಕುಮ ಒತ್ತಿ, ಸುತ್ತಲಿನ ಪುಡಿಯನ್ನು ಒಣ ಬ್ರಶ್‌ನಿಂದ ಮೇಲಕ್ಕೆ ತಳ್ಳಿ ತೆಗೆಯಿರಿ. ವಿಭೂತಿಗೆ ಮೇಣ ಬೇಡ. ಅಲ್ಲಿಯೂ ಬಣ್ಣ ಒರೆಸಿ, ಗಟ್ಟಿ ವಿಭೂತಿಯನ್ನು ಎರಡು ಹನಿ ನೀರಲ್ಲಿ ತೇದು ಮೂರು ಬೆರಳಲ್ಲಿ ಎಳೆಯಿರಿ. ಫೌಂಡೇಶನ್ ಮೇಲೆಯೇ ಎಳೆದರೆ ಒಣಗಿದಂತೆ ಬಿರಿದು ಬೀಳುತ್ತದೆ.

ಮದಕರಿಯ ಮೀಸೆ ಅಂಟಿಸುವ ಗಮ್ ಬರೀ ಚರ್ಮಕ್ಕೆ ಮಾತ್ರ ಹಿಡಿಯುತ್ತದೆ. ಕ್ರೀಮು, ಫೌಂಡೇಶನ್ ಇದ್ದರೆ ಅರ್ಧ ಗಂಟೆಗೆ ಮೂಲೆ ಏಳುತ್ತದೆ. ಮೇಲ್ದುಟಿಯನ್ನು ಖಾಲಿ ಬಿಟ್ಟಿರಿ. ಗಮ್ ಹಚ್ಚಿ ಅರ್ಧ ಮುಕ್ಕಾಲು ನಿಮಿಷ ಬಿಟ್ಟು, ಬೆರಳಿಗೆ ಅಂಟಂಟು ಎನಿಸಿದಾಗ ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಿ. ಮಕ್ಕಳಿಗೆ ಗಮ್ ಬೇಡವೇ ಬೇಡ, ಹುಬ್ಬಿನ ಪೆನ್ಸಿಲ್ಲಿನಲ್ಲಿ ಕೂದಲು ಕೂದಲಾಗಿ ಬರೆಯಿರಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಫೌಂಡೇಶನ್ ಸಹ ಬೇಕಿಲ್ಲ. ಸನ್‌ಸ್ಕ್ರೀನ್, ಕಾಡಿಗೆ, ತುಟಿಗೆ ಸ್ವಲ್ಪ ಬಣ್ಣ, ಕುಂಕುಮ, ಇಷ್ಟೇ. ಆ ವಯಸ್ಸಿನ ಚರ್ಮಕ್ಕಿಂತ ಒಳ್ಳೆಯ ಚರ್ಮ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಜಾಗ ನೋಡಿ ಬಣ್ಣ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ಮನೆಯಲ್ಲೇ ಪೂರ್ತಿ ಸಿಂಗರಿಸಿ ಹೊರಟರೆ ಕೋಟೆ ಹತ್ತುವ ಹೊತ್ತಿಗೆ ಬೆವರಿನಲ್ಲಿ ಅರ್ಧ ಹೋಗಿರುತ್ತದೆ. ಮನೆಯಲ್ಲಿ ಸನ್‌ಸ್ಕ್ರೀನ್‌ವರೆಗೆ ಮುಗಿಸಿ, ಬಣ್ಣದ ಚೀಲ ಜತೆಗೆ ತನ್ನಿ. ಮೇಲಿನವರೆಗೆ ಹತ್ತಿ, ನೆರಳಲ್ಲಿ ಹತ್ತು ನಿಮಿಷ ಕೂತು, ಬೆವರು ಆರಿದ ಮೇಲೆ ಫೌಂಡೇಶನ್ ಶುರುಮಾಡಿ. ಟ್ರೈಪಾಡ್, ದೊಡ್ಡ ಲೈಟು ತರುವವರು ಪುರಾತತ್ತ್ವ ಇಲಾಖೆಯ ಅನುಮತಿ ಮೊದಲೇ ಕೇಳಿಕೊಳ್ಳಬೇಕು.

ಒನಕೆ ಕಿಂಡಿಯ ಹತ್ತಿರ ಬಂಡೆಗಳ ನಡುವೆ ನೇರ ಬಿಸಿಲು ಕಡಿಮೆ, ಬರುವುದು ಆಕಾಶದ ಬೆಳಕು. ಅದು ನೀಲಿ ಛಾಯೆಯದು, ಚರ್ಮವನ್ನು ಮಂಕು ಮಾಡುತ್ತದೆ. ಅಲ್ಲಿಗೆ ಕೆನ್ನೆಯ ಕೆಂಪು ಒಂದು ಕೈ ಹೆಚ್ಚಿರಲಿ, ಕ್ಯಾಮೆರಾದಲ್ಲಿ ಬೆಳಕಿನ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ‘ಶೇಡ್’ ಅಥವಾ ‘ಕ್ಲೌಡಿ’ಗೆ ಇಡಿ. ಹಿಂದೆ ಕಪ್ಪು ಬಂಡೆ ಇದ್ದರೆ ಮೊಬೈಲು ತಾನೇ ಬೆಳಕು ಏರಿಸಿ ಮುಖವನ್ನು ಬಿಳಿಚಿಸುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿ. ಬ್ಯೂಟಿ ಫಿಲ್ಟರ್ ಆಫ್ ಇರಲಿ, ಇಷ್ಟು ಹೊತ್ತು ಉಳಿಸಿಕೊಂಡ ಚರ್ಮವನ್ನು ಅದು ಪ್ಲಾಸ್ಟಿಕ್ ಮಾಡುತ್ತದೆ. ಬಯಲಿನಲ್ಲಿ ತೆಗೆಯುವುದಾದರೆ ಬೆಳಗ್ಗೆ ಎಂಟೂವರೆಯೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ. ನಡುಹಗಲಿನ ಬಿಸಿಲು ಕಣ್ಣಿನ ಗುಳಿಯಲ್ಲಿ ಹಾಕುವ ಕಪ್ಪನ್ನು ಯಾವ ಕನ್ಸೀಲರೂ ಅಳಿಸದು.

ದಾವಣಗೆರೆಯ ಗಾಜಿನ ಮನೆಯಲ್ಲಿ ಬೆಳಕು ಮೆತ್ತಗೆ, ಎಲ್ಲ ಕಡೆಯಿಂದ ಬರುತ್ತದೆ, ಮುಖಕ್ಕೆ ಒಳ್ಳೆಯದು. ಸೆಕೆ ಮಾತ್ರ ಹೆಚ್ಚು, ಟಿಶ್ಯೂ ಜಾಸ್ತಿ ಇಟ್ಟುಕೊಳ್ಳಿ. ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ನೀರಿನ ಬೆಳಕು ಕೆಳಗಿನಿಂದ ಗಲ್ಲಕ್ಕೆ ಹೊಡೆಯುತ್ತದೆ, ಗಲ್ಲದ ಕೆಳಗೂ ಪುಡಿ ಒತ್ತಿರಬೇಕು. ಸೀರೆಯ ಬಣ್ಣವೂ ಮುಖಕ್ಕೆ ಬರುತ್ತದೆ. ಕತ್ತಿನ ಹತ್ತಿರ ಹಸಿರು ಸೆರಗಿದ್ದರೆ ದವಡೆ ಹಸಿರಾಗುತ್ತದೆ, ಕೆಂಪಿದ್ದರೆ ಅಷ್ಟು ಕೆಡುಕಿಲ್ಲ.

ಬೆವರು ಬಂದರೆ ಒರೆಸಬೇಡಿ, ಪುಡಿಯನ್ನೂ ಹಾಕಬೇಡಿ. ಬೆವರಿನ ಮೇಲೆ ಬಿದ್ದ ಪುಡಿ ಹಿಟ್ಟಾಗುತ್ತದೆ. ಟಿಶ್ಯೂವನ್ನು ಮುಖದ ಮೇಲೆ ಇಟ್ಟು, ಐದು ಎಣಿಸಿ, ಎತ್ತಿ. ಬೇಕೆನಿಸಿದರೆ ಆಮೇಲೆ ಪಫ್.

ಬಣ್ಣ ತೆಗೆಯುವಾಗ ಮೊದಲು ಕಣ್ಣು, ಆಮೇಲೆ ಮುಖ. ಮೀಸೆಯ ಅಂಚಿಗೆ ಗಮ್ ರಿಮೂವರ್ ಇಲ್ಲವೇ ಎಣ್ಣೆ ಬಿಟ್ಟು ಎರಡು ನಿಮಿಷ ನೆನೆಸಿ, ತಾನಾಗಿ ಬಿಟ್ಟಾಗ ಎತ್ತಿ, ಕೀಳಬೇಡಿ. ಮುಖಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ ಹಚ್ಚಿ ಒಂದು ನಿಮಿಷ ತಿರುಗಿಸಿ ನೀವಿ, ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಸೌಮ್ಯ ಫೇಸ್‌ವಾಶ್‌ನಲ್ಲಿ ತೊಳೆಯಿರಿ. ಮೊಡವೆ ಮುಖದವರು ಕೊಬ್ಬರಿ ಎಣ್ಣೆಯ ಬದಲು ಮೇಕಪ್ ತೆಗೆಯುವ ನೀರಿನಂಥ ಮೈಸೆಲಾರ್ ವಾಟರ್ ಬಳಸಲಿ. ಸ್ಪಂಜನ್ನು ಅದೇ ರಾತ್ರಿ ಸೋಪು ಹಾಕಿ, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆದು ಗಾಳಿಗೆ ಒಣಗಿಸಿ. ಒದ್ದೆಯಾಗಿಯೇ ಡಬ್ಬಿಗೆ ಹಾಕಿದ ಸ್ಪಂಜಿನಲ್ಲಿ ಬೂಷ್ಟು ಹಿಡಿಯುತ್ತದೆ, ಅದನ್ನು ಮುಂದಿನ ವೇಷಕ್ಕೆ ಮುಟ್ಟಬಾರದು.